ಬೆನೀನೊ ಎಚ್ಚರಾಗಬಾರದು

ಬೆನೀನೊ ಕೈಜಾರಿ ಬಿದ್ದಾಗ ಆದ ಸದ್ದು ಬಹಳ ಸಣ್ಣದು, ಬಾಣಲೆಯ ಅಂಚಿಗೆ ಮೊಟ್ಟೆ ತಟ್ಟಿದಷ್ಟು. ಆದರೂ ತಿತೀನಾ ಮೊದಲು ನೋಡಿದ್ದು ನೆಲದ ಕಡೆಗಲ್ಲ, ಮಗಳ ಮಂಚದ ಕಡೆಗೆ. ಕಾಂದಿದಾ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಏಳು ತಿಂಗಳು ತುಂಬಿದ ಹೊಟ್ಟೆಯ ಮೇಲೆ ಅವಳ ಎರಡೂ ಕೈಗಳು ಕಾವಲು ಕೂತಂತೆ ಕೂತಿದ್ದವು.

ತಿತೀನಾ ಉಸಿರು ಬಿಗಿಹಿಡಿದು ಮಂಡಿಯೂರಿದಳು. ಗೇಣುದ್ದದ ಬೊಂಬೆಯ ಮೈಗೆ ಏನೂ ಆಗಿರಲಿಲ್ಲ. ತಂತಿಯ ಎಲುಬು, ಸೆಣಬಿನ ನಾರಿನ ಮಾಂಸ, ಕಂದು ರೇಷ್ಮೆಯ ಅಂಗಿ, ಎಲ್ಲ ಇದ್ದಂತೆಯೇ ಇದ್ದವು. ಸುಟ್ಟ ಮಣ್ಣಿನ ತಲೆ ಮಾತ್ರ ಕತ್ತಿನಿಂದ ಬೇರೆಯಾಗಿ, ಮುಚ್ಚಿದ ರೆಪ್ಪೆಗಳ ಗೆರೆಗುಂಟ ಎರಡು ಹೋಳಾಗಿತ್ತು. ಅವಳು ಎಲ್ಲವನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ತುರುಕಿಕೊಂಡಳು. ಬೆನೀನೊ ಮಲಗಿದ್ದ ಜಾಗಕ್ಕೆ ಒಂದು ಹಿಡಿ ಹಾವಸೆ ಒತ್ತಿ, ಬರಿದಾದದ್ದು ಕಾಣದಂತೆ ಮಾಡಿದಳು.

ಯೇಸು ಹುಟ್ಟಿದ ಗವಿಯನ್ನು ಬೊಂಬೆಗಳಲ್ಲಿ ತೋರಿಸುವ ಆ ಕ್ರಿಸ್ಮಸ್ ಗೋದಲಿಯನ್ನು ಕಟ್ಟಿದ್ದು ಅವಳ ಗಂಡ ಅನಿಯೆಲ್ಲೊ. ಕಾರ್ಕ್ ಮರದ ತೊಗಟೆಯ ಬೆಟ್ಟ, ಬೆಟ್ಟದ ಬುಡದಲ್ಲಿ ಎತ್ತು ಕತ್ತೆಗಳ ಗವಿ, ನಡುವೆ ಗಿಣ್ಣು ಮಾರುವವನು, ಬಟ್ಟೆ ಒಗೆಯುವವಳು, ಮೀನಿನವನು, ಹೋಟೆಲಿನವನು. ವರ್ಷಕ್ಕೊಂದು ಬೊಂಬೆ ತಂದು ಸೇರಿಸಿ ಸೇರಿಸಿ ಅದೊಂದು ಊರೇ ಆಗಿತ್ತು. ಎಲ್ಲರಿಗಿಂತ ಮೇಲೆ, ಬೆಟ್ಟದ ನೆತ್ತಿಯಲ್ಲಿ, ತನ್ನ ಕುರಿಗಳ ನಡುವೆ ಮಲಗಿರುವವನು ಬೆನೀನೊ. ಕೆಳಗಿರುವ ಊರೆಲ್ಲ ಅವನು ಕಾಣುತ್ತಿರುವ ಕನಸು. ಇಟಲಿಯ ಈ ನಾಪೊಲಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ತಿತೀನಾಳಿಗೆ ಅದು ಗೊತ್ತಾದದ್ದು ಅಜ್ಜಿಯ ಬಾಯಿಂದ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಡಿಸೆಂಬರ್ ಬಂದರೆ ಮಾತ್ರ ಮೊಮ್ಮಕ್ಕಳನ್ನು ಕೆಂಡದ ಒಲೆಯ ಸುತ್ತ ಕೂರಿಸಿಕೊಂಡು ರಾಗವಾಗಿ ಹೇಳುತ್ತಿದ್ದಳು:

ಮಲಗಿರು ಬೆನೀನೊ, ಮೆಲ್ಲಗೆ ಉಸಿರಾಡು,
ನಿನ್ನಯ ಕನಸೊಳಗಿರುವುದು ನಮ್ಮ ನಾಡು;
ಕಣ್ಣನು ತೆರೆದರೆ ಬೆಟ್ಟವೂ ಇಲ್ಲ,
ತೊಟ್ಟಿಲೂ ಇಲ್ಲ, ತಾಯಿಯೂ ಇಲ್ಲ.

ಬೇರೆ ಮಕ್ಕಳು ಅಷ್ಟಕ್ಕೆ ಕಿಸಕ್ಕನೆ ನಕ್ಕು ಬೆನೀನೊನ ಕಿವಿಯಲ್ಲಿ ಕೂಗಲು ಹೋಗುತ್ತಿದ್ದರು. ತಿತೀನಾ ಮಾತ್ರ ಅಳುತ್ತಿದ್ದಳು. ಈಗ ಐವತ್ತೆಂಟರ ಹೆಂಗಸಾದರೂ ಆ ಕೊನೆಯ ಸಾಲು ಅವಳ ಹೊಟ್ಟೆಯಲ್ಲಿ ತಣ್ಣಗೆ ಕೂತೇ ಇತ್ತು. ಕಾಂದಿದಾ ಎರಡು ಸಲ ಬಸಿರಾಗಿದ್ದಳು, ಎರಡು ಸಲವೂ ಮಗು ಉಳಿದಿರಲಿಲ್ಲ. ಮೊದಲನೆಯದು ಹೋದದ್ದು ಅನಿಯೆಲ್ಲೊ ತೀರಿಕೊಂಡ ವರ್ಷ. ಸೂತಕವೆಂದು ಆ ಸಲ ಗೋದಲಿ ಕಟ್ಟಿರಲಿಲ್ಲ. ಎರಡನೆಯ ಸಲ ಗೋದಲಿ ಇತ್ತು, ಬೆನೀನೊ ಇದ್ದ, ಆದರೂ ಹೋಯಿತು. ತಿತೀನಾ ಹಗಲೂ ರಾತ್ರಿ ಯೋಚಿಸಿ ಕಾರಣ ಹುಡುಕಿದಳು: ಆ ವರ್ಷ ಅವಳು ಮಿಣುಕು ದೀಪದ ಸರವನ್ನು ಬೆನೀನೊನ ಮುಖದ ಹತ್ತಿರವೇ ಎಳೆದು ಕಟ್ಟಿದ್ದಳು. ಇದನ್ನು ಅವಳು ಪಾದ್ರಿಗೂ ಹೇಳಿರಲಿಲ್ಲ.

ಈ ಸಲ ಡಾಕ್ಟರು ಹೆರಿಗೆಯವರೆಗೂ ಹಾಸಿಗೆ ಬಿಡಬಾರದು ಎಂದಿದ್ದರು. ಗೋದಲಿಯನ್ನು ಮಗಳ ಮಂಚದ ಎದುರಿಗೇ ಕಟ್ಟಿ, ದೀಪವೇ ಇಲ್ಲದೆ ಇಟ್ಟಿದ್ದಳು ತಿತೀನಾ. ಧೂಳು ಕೊಡವುವ ಕೆಲಸ ಬೇರೆ ಯಾರಿಗೂ ಕೊಟ್ಟಿರಲಿಲ್ಲ.

"ಏನದು ಮಮ್ಮಾ ಬಿದ್ದಿದ್ದು?" ಎಂದಳು ಕಾಂದಿದಾ, ಕಣ್ಣು ತೆರೆಯದೆ.

"ಬೀಗದ ಕೈ. ಏನಂತಾನೆ ನಮ್ಮ ರಾಯ ಇವತ್ತು?"

"ಮಲಗಿದ್ದಾನೆ."

"ಮಲಗ್ಲಿ, ಮಲಗ್ಲಿ. ನಿದ್ದೆ ಮಾಡೋ ಮಗು ಬೆಳೆಯುತ್ತೆ."

ಕಾಂದಿದಾ ಇನ್ನೂ ಏನೋ ಹೇಳಲು ಬಾಯಿ ತೆರೆದಂತಿತ್ತು. ತಿತೀನಾಳ ಕೈ ಜೇಬಿನ ಮೇಲಿತ್ತು, ಮನಸ್ಸು ಬೊಂಬೆ ಮಾರುವ ಸಾನ್ ಗ್ರೆಗೋರಿಯೊ ಓಣಿಯಲ್ಲಿತ್ತು. ಸೊಪ್ಪು ತರಬೇಕು, ಗೋದಲಿಗೆ ಹಾವಸೆ ಸಾಲದು, ಬೇಗ ಬಂದುಬಿಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಕೆಳಮನೆಯ ವಿಂಚೆನ್ಜಾಳನ್ನು ಕರೆಯಲು ಇಳಿದಳು. ಮಗಳ ಹತ್ತಿರ ಕೂತಿರು, ಟೀವಿ ಹಚ್ಚಬೇಡ, ಜೋರಾಗಿ ಮಾತಾಡಬೇಡ, ಕುರ್ಚಿ ಎಳೆಯಬೇಡ ಎಂದು ಮೆಟ್ಟಿಲ ಮೇಲೆಯೇ ನಿಂತು ಹೇಳಿದಳು.

"ನನ್ನ ಬಾಯಿ ಮುಚ್ಚಿಸೋಕೆ ನನ್ನ ಗಂಡ ಮೂವತ್ತು ವರ್ಷ ಒದ್ದಾಡಿದ, ಪಾಪ, ಕೊನೆಗೆ ಅವನೇ ಬಾಯಿ ಮುಚ್ಕೊಂಡ," ಎಂದಳು ವಿಂಚೆನ್ಜಾ. "ಆಯ್ತು ಹೋಗು. ಇವತ್ತೊಂದಿನ ಮೂಗಿ ಆಗಿರ್ತೀನಿ."

ಸಾನ್ ಗ್ರೆಗೋರಿಯೊ ಓಣಿಗೆ ಬರುವ ಹೊತ್ತಿಗೆ ಅಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅಂಗಡಿಗಳ ಬಾಗಿಲವರೆಗೂ ಬೊಂಬೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದವು. ತಿತೀನಾ ಸೆರಗಿನಂತೆ ಶಾಲನ್ನು ಎದೆಗೆ ಎಳೆದುಕೊಂಡು ಜೇಬನ್ನು ಒತ್ತಿ ಹಿಡಿದು ನುಗ್ಗಿದಳು. ಮನೆಗೆ ಹೋಗುವಾಗ ಬೆಟ್ಟದ ನೆತ್ತಿ ತುಂಬಿರಲೇಬೇಕು, ಅದೂ ಹಳೆಯವನಂತೆಯೇ ಕಾಣುವವನಿಂದ. ಕಾಂದಿದಾಳಿಗೆ ವ್ಯತ್ಯಾಸ ತಿಳಿಯಬಾರದು. ತಿಳಿದರೆ ಹೆದರುತ್ತಾಳೆ, ಹೆದರಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಲು ಅವಳು ತನ್ನ ಮನಸ್ಸನ್ನು ಬಿಡಲಿಲ್ಲ.

ಮೊದಲ ಅಂಗಡಿಯ ಹುಡುಗಿ ಉತ್ಸಾಹದಿಂದ ಒಂದು ಬೆನೀನೊನನ್ನು ತಂದು ಮೇಜಿನ ಮೇಲೆ ಮಲಗಿಸಿ, ಬೆನ್ನಿನ ಗುಂಡಿ ಒತ್ತಿದಳು. ಬೊಂಬೆಯ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಗೊರಕೆಯನ್ನೂ ಹೊಡೆಯುತ್ತಾನೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು ಎಂದಳು ಹುಡುಗಿ. ಬ್ಯಾಟರಿ ಮುಗಿದರೆ? ಎಂದು ತಿತೀನಾ ಕೇಳಿದಳು. ನಿಂತುಹೋಗುತ್ತದೆ ಅಷ್ಟೆ ಎಂದಳು ಹುಡುಗಿ. ಏರಿ ಇಳಿಯುತ್ತಿದ್ದ ಆ ಎದೆ ತನ್ನ ಕಣ್ಣೆದುರಿಗೇ ನಿಂತುಬಿಟ್ಟರೆ ಎಂದು ಹೆದರಿ ತಿತೀನಾ ತಿರುಗಿಯೂ ನೋಡದೆ ಹೊರಬಿದ್ದಳು.

ಎರಡನೆಯ ಅಂಗಡಿಯದು ಬಹಳ ಬೆಲೆಬಾಳುವ ಮಾಲು, ಗಾಜಿನ ಕಣ್ಣು, ಚಿನ್ನದ ಜರಿ. ಆದರೆ ಮಾಡಿದವನು ರೆಪ್ಪೆಗಳನ್ನು ಪೂರ್ತಿ ಮುಚ್ಚಿರಲಿಲ್ಲ. ನಡುವೆ ಅಕ್ಕಿಕಾಳಿನಷ್ಟು ಬಿಳುಪು ಕಾಣುತ್ತಿತ್ತು. ಅನಿಯೆಲ್ಲೊನ ಕಣ್ಣು ಮುಚ್ಚುವಾಗ ಅವಳು ಕಂಡದ್ದು ಅದೇ ಬಿಳುಪು. ಮೂರನೆಯ ಕಡೆ ಬೆನೀನೊ ನಿದ್ದೆಯಲ್ಲಿ ನಗುತ್ತಿದ್ದ, ಅದು ನಿದ್ದೆ ನಟಿಸುವವನ ನಗು. ಅದನ್ನು ಮಾರುವವನು ಬೇಡವೆಂದರೂ ಕೈಗಿಡುತ್ತಾ, ಅಮ್ಮಾ, ಹೀಗೆ ಗಂಡಸಿನ ಮುಖ ನೋಡಿ ನೋಡಿ ಬೇಡ ಅಂತ ಹೋಗೋದಾದ್ರೆ ನೀವು ಕನ್ಯಾಮಠ ಸೇರೋದೇ ಒಳ್ಳೇದು ಎಂದು ತಮಾಷೆ ಮಾಡಿದ. ಅಕ್ಕಪಕ್ಕದವರು ನಕ್ಕರು. ತಿತೀನಾ ನಗಲಿಲ್ಲ. ಅವಳು ತಡಮಾಡುತ್ತಾ ಬಂದದ್ದು ಎಲ್ಲರೂ ಮರ್ಯಾದೆಗೆ ಡಾನ್ ಎನ್ನುವ ಸಬಾತೊನ ಹತ್ತಿರ ಹೋಗುವುದನ್ನು. ಒಡೆದ ಬೆನೀನೊನನ್ನು ಮಾಡಿದವನು ಅವನೇ, ಪ್ರಶ್ನೆ ಕೇಳದೆ ಬಿಡುವವನಲ್ಲ.

ಡಾನ್ ಸಬಾತೊನಿಗೆ ಈಗ ಬೀದಿಗೆ ಮುಖಮಾಡಿದ ಅಂಗಡಿ ಇರಲಿಲ್ಲ. ಒಂದು ಹಳೆಯ ಅಂಗಳ ದಾಟಿ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಕೋಣೆಯ ತುಂಬ ಅಂಟು ಕಾಯಿಸಿದ ವಾಸನೆ. ಹಗ್ಗಕ್ಕೆ ಸಾಲಾಗಿ ಕೈಗಳು ನೇತಾಡುತ್ತಿದ್ದವು, ಹಲಗೆಯ ಮೇಲೆ ಮೈಯಿಲ್ಲದ ತಲೆಗಳು ಒಣಗುತ್ತಿದ್ದವು. ಸಬಾತೊ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದ. ಅವನ ನಾದಿನಿ ಎರ್ಸಿಲಿಯಾ ಮೇಜಿನ ಹತ್ತಿರ ನಿಂತು ಬೊಂಬೆಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು. ವೊಮೆರೊ ಕಡೆಯ ಶ್ರೀಮಂತ ಹೆಂಗಸೊಬ್ಬಳು ಕೈಗವಸು ಕಳಚದೆ ಕಾಯುತ್ತಾ ನಿಂತಿದ್ದಳು.

ತಿತೀನಾ ಕರವಸ್ತ್ರ ಬಿಚ್ಚಿದಳು. ಸಬಾತೊ ತಲೆಯ ಎರಡು ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಯಾರು ಮಾಡಿದ್ದು?"

"ಬೆಕ್ಕು."

"ಅನಿಯೆಲ್ಲೊನ ಮನೇಲಿ ಬೆಕ್ಕು? ಬೆಕ್ಕು ಕಂಡ್ರೆ ಸೀನ್ತಿದ್ದ ಆಸಾಮಿ."

ತಿತೀನಾ ಕಾಲಬೆರಳು ನೋಡುತ್ತಾ ನಿಂತಳು. ಸಬಾತೊ ಮತ್ತೆ ಕೇಳಲಿಲ್ಲ. ಅಂಟಿಸಬಹುದು, ಆದರೆ ಒಡೆದಿರುವುದು ರೆಪ್ಪೆಯ ಗೆರೆಯ ಮೇಲೆಯೇ, ಎಷ್ಟು ನಯವಾಗಿ ಅಂಟಿಸಿದರೂ ಕೂದಲೆಳೆಯ ಸಂದು ಉಳಿಯುತ್ತದೆ, ಕಣ್ಣು ಬಿಡುವವನಂತೆ ಕಾಣುತ್ತಾನೆ ಎಂದು ಹೇಳಿದ. ಅವಳು ಬೇಡವೆಂದು ತಲೆಯಾಡಿಸಿದ ರೀತಿ ನೋಡಿ ಹೋಳುಗಳನ್ನು ಮೆಲ್ಲಗೆ ಡಬ್ಬಿಯೊಂದಕ್ಕೆ ಹಾಕಿದ. ಅವನ ಹತ್ತಿರ ಇದ್ದದ್ದು ಒಬ್ಬನೇ ಬೆನೀನೊ, ಅದೇ ಅಳತೆ, ಅದೇ ಕಂದು ಅಂಗಿ, ನಿನ್ನೆ ತಾನೇ ಮುಗಿಸಿದ್ದು. ಕಾಗದ ಸುತ್ತಿ ಮೇಜಿನ ಮೇಲಿಟ್ಟಿದ್ದಾರೆ, ತೆಗೆದುಕೊಂಡು ಹೋಗು ಎಂದ.

ಸಬಾತೊನ ಮನೆತನದಲ್ಲಿ ಒಂದು ರೂಢಿ ಇತ್ತು. ಉಳಿದ ಬೊಂಬೆಗಳ ಕಣ್ಣನ್ನು ಅವರು ಗಿರಾಕಿಯ ಎದುರಿಗೇ ಬರೆಯುತ್ತಿದ್ದರು. ಬೆನೀನೊನ ರೆಪ್ಪೆ ಎಳೆಯುವಾಗ ಮಾತ್ರ ಬಾಗಿಲು ಹಾಕಿಕೊಳ್ಳುವುದು, ಒಣಗಿದ ಕೂಡಲೇ ಮುಖಕ್ಕೆ ಬಿಳಿ ಕಾಗದ ಸುತ್ತುವುದು, ಗೋದಲಿಯಲ್ಲಿ ಮಲಗಿಸಿದ ಮೇಲೆಯೇ ಅದನ್ನು ತೆಗೆಯುವುದು. ಅನಿಯೆಲ್ಲೊ ಹಳೆಯವನನ್ನು ತಂದದ್ದೂ ಹಾಗೆಯೇ, ದಾರಿಯುದ್ದ ಪಿಸುಮಾತಾಡುತ್ತಾ. ಬೊಂಬೆ ಮಣ್ಣಿನದು, ಆದರೆ ನಿದ್ದೆ ಮಣ್ಣಿನದಲ್ಲ ಎಂದು ಸಬಾತೊನ ಅಪ್ಪ ಹೇಳುತ್ತಿದ್ದನಂತೆ.

"ಇದು ಯಾರು? ನನ್ನದು ಇದೇನಾ?" ಎಂದಳು ವೊಮೆರೊದ ಹೆಂಗಸು, ಎರ್ಸಿಲಿಯಾಳ ಕೈಯಲ್ಲಿದ್ದ ಬೊಂಬೆಯನ್ನು ತೋರಿಸಿ.

ಅದರ ಕೈಗಳೆರಡೂ ಅಗಲಕ್ಕೆ ಚಾಚಿದ್ದವು. ಬಾಯಿ ತೆರೆದಿತ್ತು. ಕಣ್ಣುಗಳು ಎಷ್ಟು ದೊಡ್ಡದಾಗಿ ಅರಳಿದ್ದವೆಂದರೆ ಹುಬ್ಬು ಹಣೆಯ ನಡುವಿಗೆ ಏರಿತ್ತು.

"ಬೆರಗಿನ ಕುರುಬ, ಸಿಞೋರಾ," ಎಂದ ಸಬಾತೊ. "ಗವಿ ಮುಂದೆ ನಿಲ್ಲಿಸ್ಬೇಕು. ಮಗುನ ನೋಡಿ ಬೆಪ್ಪಾಗಿ ನಿಂತೋನು. ನಮ್ಮ ಹಿರಿಯರು ಇವನ್ನೇ ಎಚ್ಚರಾದ ಬೆನೀನೊ ಅನ್ನೋರು."

"ಮತ್ತೆ ಅವನು ಎದ್ರೆ ಎಲ್ಲಾ ಮಾಯ ಅಂತಾರಲ್ಲ? ಇಬ್ರೂ ಒಂದೇ ಗೋದಲೀಲಿ ಹೇಗಿರ್ತಾರೆ?"

"ನಿಮ್ಮ ಮನೇಲಿ ನಿಮ್ಮ ಯಜಮಾನ್ರೂ ಅವರಮ್ಮಾನೂ ಹೇಗಿದ್ದಾರೆ? ಹಾಗೇ."

ಹೆಂಗಸು ನಗುತ್ತಿದ್ದಾಗ ತಿತೀನಾ ಗೋಡೆಯ ಕಡೆ ತಿರುಗಿದಳು. ಆ ತೆರೆದ ಕಣ್ಣುಗಳ ಎದುರಿಗೆ ಅವಳಿಗೆ ನಿಲ್ಲಲಾಗಲಿಲ್ಲ. ಎರ್ಸಿಲಿಯಾ ಬೆರಗಿನ ಕುರುಬನಿಗೂ ಬಿಳಿ ಕಾಗದ ಸುತ್ತಿ, ಬೆನೀನೊನ ಪೆಟ್ಟಿಗೆಯ ಪಕ್ಕದಲ್ಲಿ ಅಂಥದ್ದೇ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಅಷ್ಟರಲ್ಲಿ ಕೆಳಗಿನ ಅಂಗಳದಲ್ಲಿ ಯಾರೋ ಪಟಾಕಿ ಎಸೆದರು. ಅದರ ಸದ್ದು ಗೋಡೆ ಗೋಡೆಗೆ ಬಡಿದು ಮೇಲಕ್ಕೆ ಬಂದಾಗ ಹಗ್ಗದ ಕೈಗಳೆಲ್ಲ ಒಮ್ಮೆಗೇ ಅಲುಗಾಡಿದವು. ಹಲಗೆಯಿಂದ ಒಂದು ತಲೆ ಉರುಳಿತು. ತಿತೀನಾ ಕಿರುಚಲಿಲ್ಲ, ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಎರ್ಸಿಲಿಯಾ ಕಿಟಕಿಗೆ ಓಡಿ ಕೆಳಗಿನವರ ಮೂರು ತಲೆಮಾರನ್ನೂ ಎಣಿಸಿ ಬೈದು ಬಂದಳು. ವೊಮೆರೊದ ಹೆಂಗಸು ಗಾಬರಿಯಿಂದ ಕೈಗೆ ಸಿಕ್ಕ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದು ಹೋಗಿಯೇಬಿಟ್ಟಳು.

"ಬಿಚ್ಚಿ ಒಂದ್ಸಲ ನೋಡಿ ಕೊಡ್ಲಾ? ಈ ಗಲಾಟೇಲಿ ಮೂಗು ಗೀಗು ಹೋಗಿದ್ರೆ?" ಎಂದಳು ಎರ್ಸಿಲಿಯಾ, ಉಳಿದ ಪೆಟ್ಟಿಗೆಯ ಮೇಲೆ ಕೈಯಿಟ್ಟು.

"ಬೇಡ. ಮುಟ್ಬೇಡಿ. ಹಾಗೇ ಕೊಡಿ."

ಎರ್ಸಿಲಿಯಾ ಹೇಳಿದ ಬೆಲೆಯನ್ನು ತಿತೀನಾ ಮರುಮಾತಿಲ್ಲದೆ ಕೊಟ್ಟಳು. ಚೌಕಾಶಿ ಮಾಡದ ನಾಪೊಲಿಯ ಹೆಂಗಸನ್ನು ಕಂಡು ಎರ್ಸಿಲಿಯಾ ಬಾವನ ಕಡೆ ನೋಡಿದಳು. ಸಬಾತೊ ಬಾಗಿಲವರೆಗೂ ಬಂದ.

"ಕಾಂದಿದಾ ಹೇಗಿದ್ದಾಳೆ?" ಎಂದ, ಈಗ ತಮಾಷೆಯಿಲ್ಲದ ದನಿಯಲ್ಲಿ.

"ಮಲಗಿದ್ದಾಳೆ ಡಾನ್ ಸಬಾ. ಇಬ್ರೂ ಮಲಗಿದ್ದಾರೆ."

ತಿತೀನಾ ಪೆಟ್ಟಿಗೆಯನ್ನು ಹಸುಗೂಸಿನಂತೆ ಎರಡು ತೋಳಿನ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ನಡೆದಳು. ಆ ಊರಲ್ಲಿ ಎಷ್ಟು ಸದ್ದಿದೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ತ್ರಿಬುನಾಲಿ ಬೀದಿಯಲ್ಲಿ ಸ್ಕೂಟರುಗಳು ಅವಳ ಮೊಣಕೈ ಸವರಿಕೊಂಡೇ ಹಾರನ್ ಹೊಡೆದವು. ಕರಿದ ಪೀಟ್ಸಾ ಮಾರುವವನು ಅವಳ ಕಿವಿಯಲ್ಲೇ ಕೂಗಿದ. ಇಗರ್ಜಿಯ ಮೂಲೆಯಲ್ಲಿ ಬೆಟ್ಟದಿಂದ ಇಳಿದು ಬಂದ ಕುರಿಚರ್ಮದ ವಾದ್ಯದವನು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಜನ ಒತ್ತೊತ್ತಾಗಿ ನಿಂತು ದಾರಿ ಕಟ್ಟಿತ್ತು. ತಿತೀನಾ ಅವನ ಟೋಪಿಗೆ ಚಿಲ್ಲರೆ ಹಾಕಿ, ನಾನು ದಾಟುವ ತನಕ ನಿಲ್ಲಿಸಪ್ಪ ಎಂದು ಕೈಮುಗಿದು ಬೇಡಿದಳು.

"ಊದೋಕೆ ಕೊಡೋರ್ನ ಕಂಡಿದ್ದೀನಿ," ಎಂದ ಅವನು ವಾದ್ಯ ಇಳಿಸಿ. "ಸುಮ್ನಿರೋಕೆ ಕೊಟ್ಟೋರು ನೀವೇ ಮೊದಲು. ನನ್ನ ಹೆಂಡತಿಗೆ ಹೇಳ್ಬೇಡಿ, ಅವಳೂ ಶುರು ಮಾಡ್ತಾಳೆ."

ಅವನು ಸುಮ್ಮನಾದ ಆ ಗಳಿಗೆಯಲ್ಲಿ ಅವಳಿಗೆ ಅದು ಕೇಳಿಸಿತು. ಪೆಟ್ಟಿಗೆಯ ಒಳಗಿಂದ. ಟಕ್.

ತಿತೀನಾ ನಿಂತಳು. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟಳು. ಟಕ್. ರಟ್ಟಿನ ಗೋಡೆಗೆ ಒಳಗಿನಿಂದ ಬೆರಳಲ್ಲಿ ತಟ್ಟಿದ ಹಾಗೆ. ಹಳೆಯ ಬೆನೀನೊ ಎದೆಯ ಮೇಲೆ ಕೈಕಟ್ಟಿಕೊಂಡು ಮಲಗಿರುತ್ತಿದ್ದ. ಹಾಗೆ ಮಲಗಿದವನ ಕೈ ಎಲ್ಲಿಗೂ ತಾಗುವುದಿಲ್ಲ. ಮಗ್ಗುಲಾಗಿರಬೇಕು, ನಿದ್ದೆಯಲ್ಲಿ ಎಲ್ಲರೂ ಮಗ್ಗುಲಾಗುತ್ತಾರೆ ಎಂದು ತನಗೇ ಹೇಳಿಕೊಂಡಳು. ಮುಚ್ಚಳ ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಕು ಬಿದ್ದರೆ? ಬೆಳಕೇ ತಾನೇ ಆಗ ಕೆಟ್ಟದ್ದು ಮಾಡಿದ್ದು? ಅವಳು ಶಾಲನ್ನು ಬಿಚ್ಚಿ ಪೆಟ್ಟಿಗೆಗೆ ಹೊದಿಸಿ, ಬರಿಗತ್ತಿನಲ್ಲಿ ಚಳಿಗೆ ನಡುಗುತ್ತಾ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಳು. ಅಜ್ಜಿಯ ಪದ್ಯದ ಮೊದಲೆರಡು ಸಾಲನ್ನು ಮಾತ್ರ ತುಟಿಯಲ್ಲಿ ಹೇಳಿಕೊಂಡಳು. ಮುಂದಿನ ಎರಡು ತಾನಾಗಿಯೇ ಬರುತ್ತಿದ್ದವು, ಅವನ್ನು ಹಲ್ಲು ಕಚ್ಚಿ ತಡೆದಳು. ವೆರ್ಜಿನಿ ಸಂತೆ ದಾಟಿ ಸಾನಿತಾ ಕೇರಿಯ ತನ್ನ ಮನೆಯ ಬಾಗಿಲು ಕಾಣುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು, ಅವಳ ತೋಳುಗಳು ಮರಗಟ್ಟಿದ್ದವು.

ವಿಂಚೆನ್ಜಾ ಮೆಟ್ಟಿಲಲ್ಲೇ ಎದುರಾದಳು. ಕಾಂದಿದಾ ಬೆಳಗಿನಿಂದ ಏನನ್ನೂ ಬಾಯಿಗೆ ಹಾಕಿಲ್ಲವಂತೆ. ಸಾರು ಮುಂದಿಟ್ಟರೆ ಗೋಡೆಗೆ ತಿರುಗಿದಳಂತೆ.

"ನೀನು ಮಾತಾಡ್ಬೇಡ ಅಂದಿದ್ದೆ ಅಂತ ನಾನೂ ಏನೂ ಕೇಳ್ಲಿಲ್ಲ," ಎಂದಳು ವಿಂಚೆನ್ಜಾ. "ಕೇಳ್ಬೇಕಿತ್ತೇನೋ ತಿತೀ. ಆ ಹುಡುಗಿ ಮುಖ ನಂಗೆ ಸರಿ ಕಾಣ್ಲಿಲ್ಲ."

ತಿತೀನಾ ಒಳಗೆ ಬಂದಾಗ ಕೋಣೆ ಮಬ್ಬಾಗಿತ್ತು. ಕಾಂದಿದಾ ಎಚ್ಚರವಾಗಿದ್ದಳು. ಗೋದಲಿಯ ನೆತ್ತಿಯಲ್ಲಿ ಒತ್ತಿದ್ದ ಹಾವಸೆಯನ್ನೇ ನೋಡುತ್ತಿದ್ದಳು.

"ಅವನ ತಲೆ ಒಡೆದಿದ್ದು ನಾನು ರೆಪ್ಪೆ ಸಂದೀಲಿ ನೋಡಿದೆ ಮಮ್ಮಾ," ಎಂದಳು.

ಹೊಸಬನನ್ನು ತಂದಿದ್ದೇನೆ, ಸಬಾತೊನ ಕೈಯವನೇ, ಈಗಲೇ ಮಲಗಿಸುತ್ತೇನೆ, ನೀನು ಕಣ್ಣು ಮುಚ್ಚಿಕೊ ಎಂದು ತಿತೀನಾ ತೊದಲಿದಳು. ಕಾಂದಿದಾ ಕೈಚಾಚಿದಳು. ತಿತೀನಾ ಬೇಡ ಬೇಡವೆನ್ನುತ್ತಲೇ ಪೆಟ್ಟಿಗೆಯನ್ನು ಕೊಟ್ಟಳು. ಆ ಕೈಗೆ ಇಲ್ಲವೆನ್ನುವ ಧೈರ್ಯ ಅವಳಿಗಿರಲಿಲ್ಲ. ಕಾಂದಿದಾ ಹೊಟ್ಟೆಯ ಮೇಲೆಯೇ ಪೆಟ್ಟಿಗೆ ಇಟ್ಟುಕೊಂಡು ಮುಚ್ಚಳ ತೆಗೆದಳು. ಮುಖದ ಬಿಳಿ ಕಾಗದವನ್ನು ಸುರುಳಿ ಬಿಚ್ಚಿದಳು.

ಬೆರಗಿನ ಕುರುಬ ಕೈಗಳನ್ನು ಅಗಲಿಸಿ, ಬಾಯಿ ತೆರೆದು, ಕಣ್ಣು ಕಿಸಿದು ಇಬ್ಬರನ್ನೂ ನೋಡಿದ.

ತಿತೀನಾ ಮಂಚದ ಕಂಬಿ ಹಿಡಿದಳು. ಕಾಲ ಕೆಳಗೆ ನೆಲವಿದೆಯೆಂಬುದೇ ಅವಳಿಗೆ ನಂಬಿಕೆಯಾಗಲಿಲ್ಲ. ಅಂಗಳದ ಪಟಾಕಿ, ಕಂಕುಳಲ್ಲಿ ಹೋದ ಪೆಟ್ಟಿಗೆ, ತಾನೇ ಬೇಡವೆಂದು ಬಿಚ್ಚಿಸದೆ ತಂದದ್ದು, ಎಲ್ಲ ಒಟ್ಟಿಗೆ ಅವಳ ಮೇಲೆ ಬಿದ್ದವು. ಇಷ್ಟು ದಾರಿಯೂ ಉಸಿರು ಬಿಗಿಹಿಡಿದು ತಾನು ಜೋಪಾನವಾಗಿ ಹೊತ್ತು ತಂದದ್ದು ಇವನನ್ನು. ಬೆಟ್ಟವೂ ಇಲ್ಲ ಎಂಬ ಸಾಲು ಅವಳ ಹಲ್ಲಿನ ಸಂದಿಯಿಂದ ಹೊರಗೆ ಬಂದೇಬಿಟ್ಟಿತು.

"ಎದ್ದಿದ್ದಾನೆ," ಎಂದಳು ಕಾಂದಿದಾ. ಅವಳು ಹೆದರಿರಲಿಲ್ಲ. ಆ ಬೊಂಬೆಯ ಕಣ್ಣುಗಳನ್ನು ಬೆರಳಲ್ಲಿ ಮುಟ್ಟಿ ಮತ್ತೆ ಹೇಳಿದಳು. "ಇವನಾದ್ರೂ ಎದ್ದಿದ್ದಾನಲ್ಲ ಮಮ್ಮಾ. ನನ್ನೋನು ನಿನ್ನೆ ಸಾಯಂಕಾಲದಿಂದ ಎದ್ದಿಲ್ಲ."

"ಏನು?"

"ಒಂದ್ಸಲಾನೂ ಒದ್ದಿಲ್ಲ. ಹೊರಳಿಲ್ಲ. ನಾನು ಮಲಗಿದ್ದಾನೆ ಅಂದೆ. ನೀನು ಮಲಗ್ಲಿ ಅಂದೆ. ನಿನ್ನ ಮುಖ ನೋಡಿದ್ರೆ ಹೇಳೋಕೆ ಭಯ ಆಯ್ತು."

ತಿತೀನಾ ಪೆಟ್ಟಿಗೆಯನ್ನು ಬೊಂಬೆಸಮೇತ ನೆಲಕ್ಕೆ ಸರಿಸಿ ಮಗಳ ಹೊಟ್ಟೆಗೆ ಕಿವಿಯಿಟ್ಟಳು. ಅವಳಿಗೆ ಕೇಳಿಸಿದ್ದು ತನ್ನ ಎದೆಯ ಬಡಿತವೇ. ಅಂಗೈಯಿಂದ ಒತ್ತಿದಳು. ಕಲ್ಲಿನ ಗೋಡೆಯನ್ನು ಒತ್ತಿದಂತಿತ್ತು. ಬೆಳಗಿನಿಂದ ಅವಳು ಇಡೀ ಮನೆಯ ಬಾಯಿ ಮುಚ್ಚಿಸಿದ್ದಳು, ಬೀದಿಯ ಬಾಯಿ ಮುಚ್ಚಿಸಲು ದುಡ್ಡು ಕೊಟ್ಟು ಬಂದಿದ್ದಳು, ಅಷ್ಟು ಹೊತ್ತೂ ಈ ಹುಡುಗಿ ಈ ಮೌನದ ಪಕ್ಕದಲ್ಲಿ ಒಬ್ಬಳೇ ಮಲಗಿದ್ದಳು.

ತಿತೀನಾ ಕಿಟಕಿಯ ಎರಡೂ ಬಾಗಿಲನ್ನು ದೂಡಿ ತೆರೆದು ಕೂಗಿದಳು. ಅವಳ ಗಂಟಲಿನಿಂದ ಅಂಥ ದನಿಯನ್ನು ಆ ಕೇರಿ ಅನಿಯೆಲ್ಲೊನ ಸಾವಿನಲ್ಲೂ ಕೇಳಿರಲಿಲ್ಲ. ವಿಂಚೆನ್ಜಾ, ಕಾರು, ಯಾರದಾದರೂ ಕಾರು, ಎಂದು ಕೂಗಿದಳು. ಎದುರಿನ ಕಿಟಕಿಗಳು ತೆರೆದವು, ಕೆಳಗಿನ ಮೀನಂಗಡಿಯವನು ತನ್ನ ಗಿರಾಕಿಗಳನ್ನು ಬಿಟ್ಟು ವ್ಯಾನಿನ ಕೀಲಿ ತೆಗೆದುಕೊಂಡು ಓಡಿಬಂದ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಮೂವರು ಎತ್ತಿ ಇಳಿಸಿದರು. ವ್ಯಾನಿನಲ್ಲಿ ಕೂತಮೇಲೂ ತಿತೀನಾ ಸುಮ್ಮನಾಗಲಿಲ್ಲ. ಮಗಳ ಹೊಟ್ಟೆಯ ಮೇಲೆ ಬಾಗಿ, ಏಳೋ, ಏಳು, ಎದ್ದೇಳು ಮಗನೇ ಎಂದು ದಾರಿಯುದ್ದಕ್ಕೂ ಕರೆಯುತ್ತಲೇ ಹೋದಳು.

ಆಸ್ಪತ್ರೆಯಲ್ಲಿ ಕಾಂದಿದಾಳ ಹೊಟ್ಟೆಗೆ ತಣ್ಣನೆಯ ಲೇಪ ಸವರಿ, ಅದರ ಮೇಲೆ ಯಂತ್ರದ ಬಿಲ್ಲೆಯನ್ನು ಆಡಿಸಿದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಬಿಲ್ಲೆಯನ್ನು ಎಡಕ್ಕೆ ಸರಿಸಿದಳು, ಕೆಳಕ್ಕೆ, ಮತ್ತೆ ಎಡಕ್ಕೆ. ಯಂತ್ರದಿಂದ ಗಾಳಿ ಬೀಸುವ ಸದ್ದು ಮಾತ್ರ. ಕಾಂದಿದಾ ತಾಯಿಯ ಕೈಯನ್ನು ಎಲುಬು ನೋಯುವಂತೆ ಹಿಡಿದಿದ್ದಳು, ಕಣ್ಣು ಮಾತ್ರ ಸೂರಿನ ಮೇಲಿತ್ತು. ತಿತೀನಾ ಡಾಕ್ಟರಮ್ಮನ ಮುಖವನ್ನು ಓದಲು ನೋಡಿದಳು. ಆ ಮುಖದಲ್ಲಿ ಏನೂ ಬರೆದಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಭಯವಾದದ್ದು. ನರ್ಸು ಬಾಗಿಲು ಮುಚ್ಚಿದಳು.

ಆಮೇಲೆ ಬಂತು. ಬಹಳ ದೂರದಿಂದ, ಮರದ ಸೇತುವೆಯ ಮೇಲೆ ಸುಸ್ತಾದ ಕುದುರೆಯೊಂದು ನಡೆದು ಬಂದಂತೆ, ತಡವರಿಸಿ, ನಿಂತು, ಮತ್ತೆ ತಡವರಿಸಿ.

"ಇದಾ?" ಎಂದಳು ಕಾಂದಿದಾ.

"ಇದೇ," ಎಂದಳು ಡಾಕ್ಟರಮ್ಮ. "ಇದೆ. ಆದ್ರೆ ದಣಿದಿದೆ. ಕಾಯೋಕಾಗಲ್ಲಮ್ಮ, ಈಗ್ಲೇ ತೆಗೀಬೇಕು."

ಮುಂದಿನದೆಲ್ಲ ಓಟ. ಗಾಲಿಮಂಚದ ಪಕ್ಕ ತಿತೀನಾ ಬಾಗಿಲವರೆಗೂ ಓಡಿದಳು. ಬಾಗಿಲು ಅವಳ ಮೂಗಿನ ಮುಂದೆ ಮುಚ್ಚಿಕೊಂಡಿತು. ಅಲ್ಲಿಯೇ ನಿಂತಳು. ಕೂರಲು ಹೇಳಿದರೂ ಕೂರಲಿಲ್ಲ. ಪ್ರಾರ್ಥನೆ ಮಾಡಲು ನೋಡಿದರೆ ಬಾಯಿಗೆ ಪ್ರಾರ್ಥನೆಯ ಬದಲು ಆ ಸುಸ್ತಾದ ಕುದುರೆಯ ಲಯವೇ ಬರುತ್ತಿತ್ತು. ಅದು ನಿಲ್ಲದಿರಲಿ ಎಂದು ಕಾಲಿನಿಂದ ನೆಲಕ್ಕೆ ತಾಳ ಹಾಕತೊಡಗಿದಳು. ಕಾಂದಿದಾಳ ಗಂಡ ಸೊಸ್ಸಿಯೊ ಪ್ರೊಚಿದಾ ದ್ವೀಪದ ಹಡಗಿನಿಂದ ಕೆಲಸದ ಬಟ್ಟೆಯಲ್ಲೇ ಬಂದ. ಉಪ್ಪುನೀರಿನ ವಾಸನೆಯ ಆ ದೊಡ್ಡ ಗಂಡಸು ಅತ್ತೆಯನ್ನು ಏನೂ ಕೇಳಲಿಲ್ಲ. ಅವಳ ಪಕ್ಕ ನಿಂತು, ಅವಳ ಕಾಲನ್ನು ನೋಡಿ, ಸ್ವಲ್ಪ ಹೊತ್ತಿನಲ್ಲಿ ತಾನೂ ಅದೇ ತಾಳ ಹಾಕತೊಡಗಿದ.

ನರ್ಸು ಬಂದಾಗ ಹೊರಗೆ ಬೀದಿದೀಪಗಳು ಹತ್ತಿದ್ದವು. ತಾಯಿ ಚೆನ್ನಾಗಿದ್ದಾಳೆ ಎಂದಳು. ಮಗು ಹೆಣ್ಣು ಎಂದಳು. ಹೊಕ್ಕುಳ ಬಳ್ಳಿ ಕತ್ತಿಗೆ ಸುತ್ತಿತ್ತಂತೆ, ನಾಳೆಯವರೆಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದಂತೆ. ಉಸಿರಾಟ ಇನ್ನೂ ಹಿಡಿತಕ್ಕೆ ಬಂದಿಲ್ಲ, ಈ ಎರಡು ಮೂರು ದಿನ ಕಳೆಯಬೇಕು, ಈಗಲೇ ಯಾವ ಮಾತನ್ನೂ ಕೊಡಲಾಗದು ಎಂದಳು.

ಗಾಜಿನ ಆಚೆ, ಬೆಚ್ಚನೆಯ ಪೆಟ್ಟಿಗೆಯಲ್ಲಿ, ಅಂಗೈ ಎರಡರಷ್ಟು ಉದ್ದದ ಜೀವವೊಂದು ಮಲಗಿತ್ತು. ಮೂಗಿಗೆ ಕೊಳವೆ, ಪಾದಕ್ಕೆ ತಂತಿ. ಪಕ್ಕೆಲುಬುಗಳು ಹಕ್ಕಿಯ ಎದೆಯಂತೆ ಬೇಗ ಬೇಗ ಏರಿಳಿಯುತ್ತಿದ್ದವು. ಒಮ್ಮೆ ತಡೆದವು. ತಿತೀನಾಳ ಉಸಿರೂ ತಡೆಯಿತು. ಮತ್ತೆ ಏರಿದವು.

"ಬೆಳಗಿಂದ ನೀವೇನೂ ತಿಂದಿರಲ್ಲ," ಎಂದ ಸೊಸ್ಸಿಯೊ. "ಬನ್ನಿ, ಕಾಫಿನಾದ್ರೂ ಕುಡೀರಿ. ಇಲ್ಲಿ ಅವರು ನೋಡ್ಕೋತಾರೆ."

"ನೀನು ಕುಡಿದು ಬಾ. ನಾನು ಇಲ್ಲೇ ಇರ್ತೀನಿ."

"ಅತ್ತೆ, ಮಲಗಿದ್ದಾಳಷ್ಟೆ."

ತಿತೀನಾ ಹಣೆಯನ್ನು ಗಾಜಿಗೆ ಒತ್ತಿದಳು. ಅವಳ ಉಸಿರಿಗೆ ಗಾಜು ಮಂಜಾಯಿತು, ಅಂಗಿಯ ತೋಳಿನಿಂದ ಒರೆಸಿದಳು, ಮತ್ತೆ ಮಂಜಾಯಿತು, ಮತ್ತೆ ಒರೆಸಿದಳು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಬೆರಳು ಮಡಚಿ ಗಾಜನ್ನು ಒಮ್ಮೆ ಮೆಲ್ಲಗೆ ತಟ್ಟಿದಳು. ನರ್ಸು ಹಾಗೆ ಮಾಡಬಾರದೆಂದು ಕೈಸನ್ನೆ ಮಾಡಿದಳು. ಒಳಗೆ ಮಗುವಿನ ಬಲಗಾಲು, ತಂತಿ ಅಂಟಿಸಿದ್ದ ಕಾಲೇ, ಹೊದಿಕೆಯನ್ನು ಒದ್ದು ಪಕ್ಕಕ್ಕೆ ಸರಿಸಿತು.